ವಹಿಯ ಹಿಂದಿನ ಪುಟಗಳು

ಮುಂದಿನಿಂದ ಬಂಗಡೆಯ ಲೆಕ್ಕ,
ಹಿಂದಿನಿಂದ ಅಣ್ಣನ ಲೆಕ್ಕ.
ಒಂದೇ ವಹಿ. ಕೆಂಪು ರಟ್ಟು, ಮೂಲೆಗೆ ಮೀನೆಣ್ಣೆಯ ಕಲೆ.
ಹನ್ನೊಂದು ವರ್ಷ ಎರಡೂ ಕಡೆಯಿಂದ ಬರೆಯುತ್ತ ಬಂದೆ.
ನಡುವೆ ಎಲ್ಲೋ ಕೂಡುತ್ತವೆಂದು ಗೊತ್ತಿತ್ತು,
ಯಾವ ಪುಟದಲ್ಲೆಂದು ಗೊತ್ತಿರಲಿಲ್ಲ.

ಮೊದಲ ಸಾಲು:
ರೋಹಿದಾಸ ತಾಂಡೇಲ, ಮಡಗಾಂವದ ಕ್ಲಬ್ಬು, ಬಸ್ ಖರ್ಚು ಅರವತ್ತು.
ಮಾಲಾದೇವಿ ಮೈದಾನದಲ್ಲಿ ಬರಿಗಾಲಲ್ಲಿ ಆಡುತ್ತಿದ್ದವನಿಗೆ
ಐಸ್ ಫ್ಯಾಕ್ಟರಿಯ ಗುರುದಾಸ ಮಾಮ ಬೂಟು ಕೊಟ್ಟರು,
ಒಂದು ನಂಬರು ದೊಡ್ಡದು.
ತುದಿಗೆ ಬಲೆಯ ಚಿಂದಿ ತುರುಕಿಕೊಂಡು ಕಾಳಿ ದಾಟಿದ.
ಹಳೆಯ ಸೇತುವೆ. ಆಗಿನ್ನೂ ನೀರಿಗೆ ಬಿದ್ದಿರಲಿಲ್ಲ.

ಎಡಬದಿಯ ರಕ್ಷಣೆ ಅಂದರೆ ಏನೋ, ಆಯಿ ಕೇಳಿದಳು.
ಅಂಗಳದಲ್ಲಿ ಆಡಿ ತೋರಿಸಿದ:
ಮುಖ ಎದುರಿಗೆ, ಓಟ ಹಿಂದಕ್ಕೆ,
ಬರುವವನ ಸೊಂಟದ ಮೇಲೆ ಕಣ್ಣು.
ಚೆಂಡು ಸುಳ್ಳು ಹೇಳುತ್ತದೆ, ಕಾಲೂ ಹೇಳುತ್ತದೆ,
ಸೊಂಟಕ್ಕೆ ಸುಳ್ಳು ಬರುವುದಿಲ್ಲ.
ಹಿಂದೆ ಹಿಂದೆ ಹೋಗಿ ತುಳಸಿಕಟ್ಟೆಗೆ ಬಡಿದ.
ಏಂಡಿ ಎಳೆಯುವವರ ಹಾಗಾಯಿತಲ್ಲೋ ಎಂದು ಆಯಿ ನಕ್ಕಳು.

ಎರಡನೇ ವರ್ಷ: ಇಪ್ಪತ್ತು ಪಂದ್ಯ, ಹದಿನಾಲ್ಕು ಬೆಂಚಿನಲ್ಲಿ.
ಟಿವಿಯಲ್ಲಿ ಕಂಡದ್ದು ಎರಡು ಸಲ, ಒಮ್ಮೆ ನೀರು ಕುಡಿಯುತ್ತ.
ನಾಲ್ಕನೇ ವರ್ಷ: ಕಲ್ಕತ್ತೆ.
ಸೊನ್ನೆಗಳಿಗೆ ಜಾಗ ಸಾಲದೆ ಪಕ್ಕದ ಗೆರೆ ದಾಟಿ ಬರೆದಿದ್ದೇನೆ.
ಆ ವರ್ಷ ದೋಣಿಗೆ ಹೊಸ ಯಂತ್ರ, ನನಗೆ ಬಳೆ,
ಬೈತಖೋಲದ ಗೋಡೆಗೆ ಅವನ ಚಿತ್ರ.
ಮೂಗು ನಮ್ಮ ಅಪ್ಪನದಲ್ಲ, ಪೇಂಟರನದು.

ಗೋಲು: ಎರಡು.
ಒಂದು ನಮ್ಮದೇ ಬಲೆಗೆ.
ಅದನ್ನೂ ಬರೆದಿದ್ದೇನೆ. ಲೆಕ್ಕ ಅಂದಮೇಲೆ
ಕೊಳೆತ ಬುಟ್ಟಿಯನ್ನೂ ಬರೆಯಬೇಕು.

ಆರನೇ ವರ್ಷ ಮೊಣಕಾಲು.
ಡಾಕ್ಟರು ಮೂರು ಅಕ್ಷರದ ಹೆಸರು ಹೇಳಿದರು,
ನಾನು 'ಹುರಿ ಹರಿಯಿತು' ಎಂದು ಬರೆದುಕೊಂಡೆ.
ಬಲೆಯಾಗಿದ್ದರೆ ನೂಲು ಬಾಯಲ್ಲಿ ಕಚ್ಚಿಕೊಂಡು
ಒಂದು ಸಂಜೆಯಲ್ಲಿ ಮುಗಿಸುತ್ತಿದ್ದೆವು.
ಇದಕ್ಕೆ ಒಂಬತ್ತು ತಿಂಗಳು.
ಅವನ ತೊಡೆಯಿಂದಲೇ ಹುರಿ ತೆಗೆದು ಅಲ್ಲಿಗೆ ಬಿಗಿದರಂತೆ.
ಲಂಗರಿನ ಹಗ್ಗ ಕೊಯ್ದು ಹಾಯಿ ಕಟ್ಟಿದ ಹಾಗೆ,
ಅಂದ ಅಪ್ಪ ಆ ರಾತ್ರಿ ಉಣ್ಣಲಿಲ್ಲ.

ಆಮೇಲೆ ಊರುಗಳೇ ಹೆಚ್ಚು:
ಐಜ್ವಾಲ, ಕೋಳಿಕೋಡ್, ಮತ್ತೆ ಗೋವಾ,
ಆರು ತಿಂಗಳಿಗೆ ಶಿಲ್ಲಾಂಗ್.
ಒಂದು ಕ್ಲಬ್ಬು ಇನ್ನೊಂದಕ್ಕೆ
ಮನುಷ್ಯನನ್ನು ಸಾಲ ಕೊಡುತ್ತದಂತೆ.
ಜಮೆಗೆ ಬರೆಯಲೋ ಖರ್ಚಿಗೋ? ಫೋನು ಮಾಡಿ ಕೇಳಿದೆ.
ಬಹಳ ಹೊತ್ತು ಸುಮ್ಮನಿದ್ದು,
ಇವತ್ತು ಊಟಕ್ಕೆ ಏನು ಮೀನು, ಅಂದ.

ಹನ್ನೊಂದನೇ ವರ್ಷ ಕೈಬಿಟ್ಟರು.
ಕರೆದು ಹೇಳಲಿಲ್ಲ. ಒಂದು ಮೆಸೇಜು,
ಕೊನೆಗೆ ಕೈಮುಗಿದ ಪುಟ್ಟ ಚಿತ್ರ.
ಮೂವತ್ತೊಂದು ವಯಸ್ಸು.
ನಮ್ಮ ಕೇರಿಯಲ್ಲಿ ಆ ವಯಸ್ಸಿನವನ ಕೈಗೆ
ಇನ್ನೂ ಚುಕ್ಕಾಣಿ ಕೊಡುವುದಿಲ್ಲ,
ಹುಡುಗ ಅನ್ನುತ್ತಾರೆ.

ತಿಂಗಳೊಪ್ಪತ್ತು ಗೋಡೆಯ ಕಡೆ ಹೋಗಲಿಲ್ಲ.
ಐದಕ್ಕೆ ಎದ್ದು ಅಲಿಗದ್ದೆಯವರೆಗೆ ಓಡುವುದು,
ಯಾಕೆ ಓಡಿದೆನೆಂದು ಮರೆತು ನಡೆದು ಬರುವುದು.
ಒಂದು ಬೆಳಿಗ್ಗೆ ದಂಡೆಯಲ್ಲಿ ಏಂಡಿ ಬಿಟ್ಟಿದ್ದರು,
ಎಡಗಡೆಯ ಹಗ್ಗಕ್ಕೆ ಜನ ಕಮ್ಮಿ.
ಯಾರೂ ಕರೆಯಲಿಲ್ಲ. ಚಪ್ಪಲಿ ಬಿಟ್ಟು ಹಿಡಿದ.
ಮುಖ ಕಡಲಿಗೆ, ಹೆಜ್ಜೆ ಹಿಂದಕ್ಕೆ,
ಕುಂಟುವ ಕಾಲು ಮರಳಿನಲ್ಲಿ ಗೆರೆ ಎಳೆಯುತ್ತ.
ನೀರಿಗೆ ಸೊಂಟ ಎಲ್ಲಿರುತ್ತೆ ಮಾಮಾ, ಅಂತ
ಪಕ್ಕದವರನ್ನು ಕೇಳಿದನಂತೆ.
ಸಿಕ್ಕಿದ್ದು ಒಂದಿಷ್ಟು ತಾರಲೆ. ಪಾಲು ಎಂಬತ್ತು ರೂಪಾಯಿ.

ರಾತ್ರಿ ಅದನ್ನು ಬರೆಯಲು ಕೂತಾಗ
ವಹಿ ಕಸಿದುಕೊಂಡು ಹಿಂದಿನಿಂದ ಓದಿದ,
ತುಟಿ ಅಲ್ಲಾಡಿಸುತ್ತ, ಪಂದ್ಯ ಪಂದ್ಯವೂ.
ಒಂದೇ ಕಡೆ ಬೆರಳಿಟ್ಟ:
ಶಿಲ್ಲಾಂಗ್ ಎಂಟಲ್ಲ, ಒಂಬತ್ತು.
ಕೊನೆಯದರಲ್ಲಿ ಕೊನೆಯ ನಿಮಿಷಕ್ಕೆ ಇಳಿಸಿದ್ದರು.
ಚೆಂಡು ನನ್ನ ಕಡೆ ಬರಲೇ ಇಲ್ಲ.

ತಿದ್ದಿದೆ.
ಒಂಬತ್ತು. ಒಂದು ನಿಮಿಷ.