ಅಂತೆ

ಮಕ್ಕಳನ್ನು ಶಾಲೆ ಬಿಡಿಸಿದ್ದು ಎಂತಕ್ಕೆ ಎಂದು
ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ.
ಎಲ್ಲವೂ ನಿಜ.
ಈಗ ಕುಂಬಳೆ ಸ್ಟೇಷನ್ನಿನ ಎದುರು, ಬೈಂಡಿಂಗ್ ಅಂಗಡಿಯ ಮಾಳಿಗೆಯಲ್ಲಿ
ಹತ್ತು ಗಂಟೆಗೆ ಚರಿತ್ರೆ.
ಬ್ಯಾಂಕಿನ ಹಳೆ ಕ್ಯಾಲೆಂಡರುಗಳನ್ನು ಮಗುಚಿ ಅಂಟಿಸಿ
ಅವುಗಳ ಬಿಳಿ ಬೆನ್ನಿನ ಮೇಲೆ
ಕಿಟಕಿಯಿಂದ ಅಕ್ಕಿ ಡಬ್ಬದವರೆಗೆ ಎಳೆದ ಒಂದು ಗೆರೆ:
ಕಿಟಕಿಯ ಹತ್ತಿರ ಬೆಂಕಿ, ಡಬ್ಬದ ಹತ್ತಿರ ನಾವು.
ಗೂಡ್ಸು ಗಾಡಿ ಹೋಗುವಾಗ ಅಷ್ಟೂ ವರ್ಷ ಅಲುಗುತ್ತದೆ.

ಹಳೆಯ ಪಠ್ಯದಲ್ಲಿತ್ತು: ಜಲಮಾರ್ಗವನ್ನು ಕಂಡುಹಿಡಿದನು.
ನಿಹಾರ ಪೆನ್ಸಿಲಿನಿಂದ ಶಬ್ದವನ್ನು ಎರಡು ತುಂಡು ಮಾಡಿದ.
"ಕಂಡದ್ದು ಸರಿ ಅಮ್ಮ,
ಹಿಡಿದದ್ದು ಯಾರನ್ನು?"
ಹಳಿಯಾಚೆ ಅದೇ ಸಮುದ್ರ,
ಯಾರೂ ಕಂಡುಹಿಡಿಯುವ ಮೊದಲೇ
ಮೀನಿನವರಿಗೆ ಗೊತ್ತಿದ್ದದ್ದು.

ಅಂದಿನಿಂದ ಮನೆಯಲ್ಲಿ ಒಂದು ಕಾಯಿದೆ:
ಪ್ರತಿ ವಾಕ್ಯದ ಬಾಲಕ್ಕೆ ಒಂದು 'ಅಂತೆ'.
ಗೆದ್ದನಂತೆ. ಕಟ್ಟಿಸಿದನಂತೆ. ಪ್ರಜೆಗಳು ಸುಖವಾಗಿದ್ದರಂತೆ.
ಹೇಳಿದ್ದು ಯಾರು, ನೋಡಿದ್ದು ಯಾರು ಎಂದು ಸಿಕ್ಕಿದರೆ
ಬಾಲ ಕತ್ತರಿಸಬಹುದು.
ವಾರಿಜಳಿಗೆ ಕತ್ತರಿಯೆಂದರೆ ಪ್ರೀತಿ; ಆದರೂ
ಆರು ತಿಂಗಳಲ್ಲಿ ಕತ್ತರಿಸಿದ್ದು ಹನ್ನೊಂದೇ.

ನನಗೂ ಗರ್ವ ಬಂದಿತ್ತು, ಸುಳ್ಳೇಕೆ.
ಉಪ್ಪು ಹೊತ್ತು ಮರಳುಗಾಡು ದಾಟಿದ ಒಂಟೆಸಾಲು ಬಂತು,
ನಕ್ಷತ್ರ ನೋಡಿ ದ್ವೀಪ ದ್ವೀಪ ಹಾಯ್ದ ದೋಣಿಗಳು ಬಂದವು,
ಗುಡ್ಡದ ಜನ ಹಗ್ಗದ ಗಂಟಿನಲ್ಲಿ ರಾಜ್ಯದ ಲೆಕ್ಕ ಇಟ್ಟದ್ದು ಬಂತು.
ಪಕ್ಕದ ನೆಬಿಸುಮ್ಮನ ಅಜ್ಜ ರಂಗೂನಿನಲ್ಲಿ ಚಾ ಮಾರಿದ್ದೂ
ಒಂದು ಸಣ್ಣ 'ಅಂತೆ'ಯ ಜೊತೆ ಬಂತು.
ಒಬ್ಬರೂ ಬಿಟ್ಟುಹೋಗಿಲ್ಲ ಎಂದು
ರಾತ್ರಿ ಗೆರೆಯುದ್ದಕ್ಕೂ ಬೆರಳಾಡಿಸಿ ಮಲಗುತ್ತಿದ್ದೆ.

ಗಂಟಿನ ಪಾಠದ ಮರುದಿನ ಬುಟ್ಟಿಯ ಹೆಂಗಸು ಬಂದಳು.
ಆರು ವರ್ಷದಿಂದ ಬರುವವಳು. ಮೆಟ್ಟಿಲ ಕೆಳಗೇ ನಿಲ್ಲುತ್ತಾಳೆ,
ನಾನೂ ಹತ್ತಿ ಬಾ ಎಂದವಳಲ್ಲ.
ವಾರಿಜ ಇಳಿದು ಹೋಗಿ
ಬಳ್ಳಿಯ ಹೆಣಿಗೆಯನ್ನು ಬಾಯಿಂದ ಬುಡದವರೆಗೆ ತಡವಿ
"ಇದರಲ್ಲಿ ಎಂತ ಬರೆದದ್ದು?" ಎಂದಳು.
"ಎಂತದೂ ಇಲ್ಲ ಮಗಾ. ಗೊಬ್ಬರ ಹೊರಲಿಕ್ಕೆ."
ನನ್ನ ಪಾಠ ಮೆಟ್ಟಿಲ ಮೇಲೇ ಕೂತುಬಿಟ್ಟಿತು.

"ಇವರ ಹೆಸರು ಎಂತದು?"
ನಿಹಾರ ಕೇಳಿದ್ದು ನನ್ನನ್ನು, ಅವಳನ್ನಲ್ಲ.
ಅಮ್ಮನಿಗೆ ಗೊತ್ತಿರುತ್ತದಲ್ಲ.
ಯಾವ್ಯಾವುದೋ ದೊರೆಗಳ ಒಂಬತ್ತು ತಲೆಮಾರು ಬಾಯಿಪಾಠವಿತ್ತು ನನಗೆ;
ಬಾಯಿ ತೆರೆದರೆ
ಹತ್ತು ರೂಪಾಯಿ ಕಡಿಮೆ ಮಾಡು ಎಂಬುದು ಮಾತ್ರ ಇತ್ತು.

"ಅಂಗಾರೆ," ಅವಳೇ ಅಂದಳು. "ಮಂಗಳವಾರ ಹುಟ್ಟಿದ್ದು."
"ಯಾವ ವರ್ಷ?"
"ಬರೆದಿಟ್ಟವರು ಯಾರು? ದೊಡ್ಡ ನೆರೆಗಿಂತ ಮೊದಲು."
ಬಳ್ಳಿ ಈಗ ಸಿಗುವುದಿಲ್ಲ, ಗುಡ್ಡೆಗೆ ಬೇಲಿ ಬಿದ್ದಿದೆ,
ಪ್ಲಾಸ್ಟಿಕ್ಕಿನದು ಅಗ್ಗ, ಅಷ್ಟು ಹೇಳಿ ನೀರು ಕೇಳಿದಳು.
ವಾರಿಜ ತನ್ನ ಲೋಟದಲ್ಲೇ ಕೊಟ್ಟಳು.
ನನ್ನ ತವರಲ್ಲಿ ಬೇರೆ ಲೋಟವೊಂದು ಇತ್ತೆಂದು
ಅವಳಿಗಿನ್ನೂ ಹೇಳಿಲ್ಲ ನಾನು.

ಮಧ್ಯಾಹ್ನ ನಿಹಾರ ಸ್ಟೂಲು ಹಾಕಿ ಗೆರೆಯೆದುರು ನಿಂತ.
ಎಲ್ಲದಕ್ಕೂ ಇಸವಿ ಇದೆ, ಮಂಗಳವಾರಕ್ಕೆ ಜಾಗ ಎಲ್ಲಿ?
ಬೆಂಕಿಯ ಬಳಿಯೋ, ಅಕ್ಕಿಯ ಬಳಿಯೋ?
ನನ್ನನ್ನು ಕೇಳಲಿಲ್ಲ.
ನಡುವಿನ ಹಾಳೆಯೊಂದನ್ನು ಮೆಲ್ಲಗೆ ಕಿತ್ತು ಮಗುಚಿದ.
ಹಳೆಯ ಯಾವುದೋ ಜುಲೈ; ನಾಲ್ಕು ಮಂಗಳವಾರ.
ನಾಲ್ಕಕ್ಕೂ ಸುತ್ತು ಹಾಕಿ ಪಕ್ಕದಲ್ಲಿ ಬರೆದ:
ಅಂಗಾರೆ ಹುಟ್ಟಿದ್ದು.
'ಅಂತೆ' ಎಲ್ಲಿ ಎಂದೆ.
"ಎಂತಕ್ಕೆ? ಹುಟ್ಟಿದ್ದು ಅವರೇ ಅಲ್ಲವಾ?"

ಯಾವುದೋ ಸಾಮ್ರಾಜ್ಯದ ಇನ್ನೂರು ವರ್ಷ
ಈಗ ಗೋಡೆಗೆ ಮುಖ ಮಾಡಿ ಅಂಟಿಕೊಂಡಿದೆ.