ಬೆತ್ತ ಸುಟ್ಟ ವಾಸನೆ

ಎರಡು ಬೆತ್ತ ಬಿರುಸಾಗಿ ಉಜ್ಜಿ ಹಾದರೆ
ಸುಟ್ಟ ವಾಸನೆಯೊಂದು ಏಳುತ್ತದೆ.
ಒಲೆಯದ್ದಲ್ಲ, ಬೀಡಿಯದ್ದೂ ಅಲ್ಲ,
ಕಬ್ಬಿನ ಸಿಪ್ಪೆಯನ್ನು ಯಾರೋ ಬೂದಿಯಲ್ಲಿ ಮರೆತ ಹಾಗೆ.
ಸೆಬುವಿನಲ್ಲಿ, ಟಯರು ಪಂಚರಿನ ಅಂಗಡಿಯ ಹಿಂದೆ,
ಇಪ್ಪತ್ತಾರು ವರ್ಷ ಅದನ್ನು ಮೂಸಿದ್ದೇನೆ.
ನನ್ನ ಅಂಗಿ ಒಗೆಯುವವಳಿಗೂ ಗೊತ್ತು
ಯಾವ ದಿನ ನೊಯ್ ಪೊಲಿಕಾರ್ಪೊ ಖುಷಿಯಲ್ಲಿದ್ದರೆಂದು.

ಖುಷಿ ಅಂದರೆ ಮಾತಲ್ಲ.
ಬೆತ್ತದ ತುದಿಯಿಂದ ನನ್ನ ಮೊಣಕೈಯನ್ನು
ಅರ್ಧ ಇಂಚು ಒಳಗೆ ತಳ್ಳಿ
'ಇನ್ನೊಮ್ಮೆ' ಅನ್ನುವುದು.
ಅವರ ಇನ್ನೊಮ್ಮೆಯಲ್ಲಿ ನೂರು ಸಲ ಇರುತ್ತದೆಂದು
ತಿಳಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಹಗಲೆಲ್ಲ ಬಂದರಿನಲ್ಲಿ ಹಡಗಿನ ಹಗ್ಗ ಹೆಣೆಯುವ ಕೆಲಸ.
ಬೆಳಗಿನ ನಾಲ್ಕಕ್ಕೆ, ಇಗರ್ಜಿಯ ಗಂಟೆಗೆ ಮುಂಚೆ,
ನೆರೆಯವರ ಹುಂಜಗಳು ಗಂಟಲು ಸರಿಮಾಡಿಕೊಳ್ಳುವಾಗ,
ಒಬ್ಬರೇ ನಿಂತು ಗಾಳಿಗೆ ಹನ್ನೆರಡು ಏಟು:
ಕೆನ್ನೆಗೆ, ಕತ್ತಿಗೆ, ಪಕ್ಕೆಗೆ, ಮಂಡಿಗೆ,
ಉಸಾ, ದುಹಾ, ತುಲೋ, ಉಪತ್...
ಮದುವೆಯ ಮರುದಿನವೂ ಹೀಗೇ ಎದ್ದು ಹೋದರಂತೆ.
ಫೆಲಿಸಿದಾದ್ ಅಜ್ಜಿ ಅದನ್ನು ಇನ್ನೂ ಕ್ಷಮಿಸಿಲ್ಲ;
ಅನ್ನ ಬಡಿಸುವಾಗ ಸೌಟು ತಾಗಿಸಿ
'ಉಸಾ' ಅನ್ನುತ್ತಾರೆ.

ಶುಲ್ಕ ಎಂಬುದೊಂದು ಇತ್ತು, ಹೆಸರಿಗೆ.
ಒಬ್ಬ ಮೊಟ್ಟೆ ತಂದ, ಒಬ್ಬ ಒಣಮೀನು,
ಕ್ಷೌರದ ದಾಂತೆ ಹದಿನೈದು ದಿನಕ್ಕೊಮ್ಮೆ
ಅವರ ತಲೆ ಬೋಳಿಸಿ ಲೆಕ್ಕ ಚುಕ್ತಾ ಮಾಡಿದ.
ನಾನು ಮೊದಲ ವರ್ಷ ಏನೂ ಕೊಡಲಿಲ್ಲ.
ಅವರು ಕೇಳಲೂ ಇಲ್ಲ.

ಕಟ್ಟೆಯ ಮೇಲೆ ಯಾರನ್ನೋ ಕೆಡವಿದ ಹಳೇ ಕಥೆಯನ್ನು
ಹೊಸಬರು ಪ್ರತಿವರ್ಷ ಕೆದಕುತ್ತಾರೆ.
'ಹೌದಾ ನೊಯ್, ಆತ ಸಮುದ್ರಕ್ಕೇ ಬಿದ್ದನಂತೆ?'
'ನನಗಿಂತ ಚೆನ್ನಾಗಿ ಈಜುತ್ತಿದ್ದ,' ಅಂದು
ಸೀಳಿದ ಬೆತ್ತಕ್ಕೆ ಕರಿ ಟೇಪು ಸುತ್ತಲು ಕೂರುತ್ತಾರೆ.

ಚಂಡಮಾರುತ ತಗಡಿನ ಮಾಡನ್ನು ಎತ್ತಿಕೊಂಡು ಹೋದ ರಾತ್ರಿ
ಬೆಳಗಾಗುತ್ತಲೇ ಹಾರೆ ಹಗ್ಗ ಹಿಡಿದು ಓಡಿದೆವು.
ಮೊಣಕಾಲು ಕೆಸರಲ್ಲಿ ಅವರು ಬೆತ್ತ ಎಣಿಸುತ್ತಿದ್ದರು.
'ಬಂದಿರಾ? ಸಾಲಾಗಿ ನಿಲ್ಲಿ.'
'ಮೊದಲು ತಗಡು!' ಒಳಗಿಂದ ಅಜ್ಜಿ ಕಿರುಚಿದರು;
ಒಳಗು ಅಂತ ಆಗ ಏನೂ ಉಳಿದಿರಲಿಲ್ಲ.
ಹತ್ತು ನಿಮಿಷ ಕೆಸರು ಹೊಡೆದೆವು,
ಆಮೇಲೆ ಮಾಡು.

ಕಳೆದ ತಪಸ್ಸುಕಾಲದಲ್ಲಿ ಬಲಗೈ ಬಿದ್ದುಹೋಯಿತು.
ನಿದ್ದೆಯಲ್ಲೇ. ಎದ್ದಾಗ ಅದು ಅವರದ್ದಾಗಿರಲಿಲ್ಲ.
ಚಮಚ ಜಾರುವ ಕೈ.
ಆಸ್ಪತ್ರೆಯಲ್ಲಿ ರಬ್ಬರಿನ ಚೆಂಡು ಕೊಟ್ಟರು, ಹಿಚುಕಲು;
ಅದನ್ನು ಪಕ್ಕದ ಮಂಚದ ಹುಡುಗನಿಗೆ ಆಡಲು ಕೊಟ್ಟರು.
ನಾಲ್ಕು ವಾರ ಹಿತ್ತಿಲಲ್ಲಿ
ಟಯರಿಗೆ ಗಾಳಿ ತುಂಬುವ ಸದ್ದೊಂದೇ.
ಪಾಠ ನಾನು ನಡೆಸಬೇಕೆಂದು ಎಲ್ಲರೂ ಅಂದರು.
ನಡೆಸಿದೆ. ಧ್ವನಿ ಮಾತ್ರ
ಎರವಲು ತಂದ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು.

ಒಂದು ಗುರುವಾರ ತಿರುಗಿ ನೋಡುತ್ತೇನೆ,
ಸಾಲಿನ ಕೊನೆಗೆ, ಒಂಬತ್ತು ವರ್ಷದ ಕ್ರಿಶೆಲ್ ಪಕ್ಕ,
ನೊಯ್ ಪೊಲಿಕಾರ್ಪೊ.
ಎಡಗೈಯಲ್ಲಿ ಬೆತ್ತ.
ಅರುವತ್ತು ವರ್ಷ ಆ ಎಡಗೈ ಬರೀ ಕಾವಲಿನದು,
ಬಂದ ಮಣಿಕಟ್ಟನ್ನು ಹಿಡಿಯುವುದು, ಬಿಡುವುದು;
ಹೊಡೆಯುವುದು ಅದಕ್ಕೆ ಗೊತ್ತೇ ಇರಲಿಲ್ಲ.

ನಾನು ಬಾಯಿ ತೆರೆದೆ. ಕಣ್ಣಲ್ಲೇ ಗದರಿದರು: ಎಣಿಸು.
ಎಣಿಸಿದೆ.
ಮೊದಲನೇ ಏಟು ಸೊಟ್ಟಗೆ ಹೋಗಿ
ಬಟ್ಟೆಯ ಹಗ್ಗಕ್ಕೆ ತಾಗಿತು.
ಯಾರೂ ನಗಲಿಲ್ಲ, ಕ್ರಿಶೆಲ್ ಒಬ್ಬಳನ್ನು ಬಿಟ್ಟು.
ನಕ್ಕು ಮುಗಿಸಿ, ತನ್ನ ಗಿಡ್ಡ ಬೆತ್ತದ ತುದಿಯಿಂದ
ಅವರ ಮೊಣಕೈಯನ್ನು ಅರ್ಧ ಇಂಚು ಒಳಗೆ ತಳ್ಳಿದಳು.
'ಇನ್ನೊಮ್ಮೆ, ಲೋಲೋ.'

ನೂರಕ್ಕೆ ಹತ್ತಿರ ಎಲ್ಲೋ ನನಗೆ ಲೆಕ್ಕ ತಪ್ಪಿತು.
ಅವಳ ಬೆತ್ತಕ್ಕೆ ಅವರ ಬೆತ್ತ ಉಜ್ಜಿ ಹಾದಾಗ
ತಡೆದು, ಮೂಗಿನ ಹತ್ತಿರ ತಂದು ಮೂಸಿದರು.
ಇಲ್ಲ ಅಂತ ತಲೆಯಾಡಿಸಿದರು,
ಮತ್ತೆ ಕೈಯೆತ್ತಿ
ನನ್ನ ಕಡೆ ನೋಡಿದರು.

ಉಸಾ, ಅಂದೆ.