ನೆರೆಮನೆಯ ಪಾಲು

ತಿಂಗಳ ಎರಡನೇ ಗುರುವಾರ, ಬೆಳಗಿನ ಆರಕ್ಕೇ
ಚರ್ಚಿನ ಹಿಂದಿನ ಬಯಲಲ್ಲಿ ಕಾರುಗಳ ಸಾಲು.
ಕೆಂಟಕಿಯ ಈ ಕಣಿವೆಯಲ್ಲಿ
ಗಣಿ ಬಾಯಿ ಮುಚ್ಚಿ ಒಂಬತ್ತು ವರ್ಷ;
ಉಳಿದ ಬಾಯಿಗಳು ಮುಚ್ಚಲಿಲ್ಲ.

ಲಾರಿ ಬರುವುದು ನೂರು ಮೈಲಿ ಆಚೆಯ ಉಗ್ರಾಣದಿಂದ.
ತಗ್ಗುಬಿದ್ದ ಡಬ್ಬಿ, ಚೀಟಿ ಹರಿದ ಡಬ್ಬಿ,
ನಾಳೆಗೆ ತಾರೀಖು ಮುಗಿಯುವ ಮೊಸರು,
ಬೇರೆ ಯಾರದೋ ಹೆಸರು ಬರೆದ ಹುಟ್ಟುಹಬ್ಬದ ಕೇಕು.

ನನ್ನ ಕೆಲಸ ಹೆಸರು ಬರೆಯುವುದು.

ಆರ್ಫಾ ಸ್ಟಿಲ್ಟ್ನರ್ ಗಾಜು ಎರಡು ಬೆರಳಷ್ಟೇ ಇಳಿಸಿ
‘ನನಗಲ್ಲ, ಪಕ್ಕದ ಮನೆ ವರ್ಲಿನ್‌ಗೆ’ ಅನ್ನುತ್ತಾಳೆ.
ಹಿಂದೆ ಇದೇ ಚರ್ಚಿನಲ್ಲಿ ಸೂಪಿನ ಸೌಟು ಹಿಡಿದವಳು;
ಬಡಿಸಿ ಬಲ್ಲ ಕೈಗೆ ಒಡ್ಡಲು ಬರುವುದಿಲ್ಲ.
ಕೆದಕದೆ ಬರೆಯುತ್ತೇನೆ: ವರ್ಲಿನ್, ಒಂದು.

ಹತ್ತಕ್ಕೆ ವರ್ಲಿನ್.
ಗಣಿಯ ಕೆಮ್ಮು ಅವನಿಗಿಂತ ಮೊದಲೇ ಬಂದು ನಿಲ್ಲುತ್ತದೆ.
ಟೋಪಿ ತೆಗೆದು, ನೆಲ ನೋಡುತ್ತ,
‘ನನಗೇನೂ ಬೇಡ. ಆರ್ಫಾ... ಪಾಪ, ಒಬ್ಬಳೇ.’
ಬರೆಯುತ್ತೇನೆ: ಆರ್ಫಾ, ಒಂದು.

ಸಂಜೆ ಲೆಕ್ಕ ಒಪ್ಪಿಸುವಾಗ ಕಚೇರಿಯ ಹೊಸ ಹುಡುಗ
ಹಾಳೆಯ ಮೇಲೆ ಬೆರಳಿಟ್ಟ:
‘ಇವರ ಹೆಸರಿಗೆ ಅವರ ಸಹಿ,
ಅವರ ಹೆಸರಿಗೆ ಇವರದು. ಇದೇನು?’

ಬರುವ ದಾರಿಯಲ್ಲಿ ಕಂಡಿದ್ದೆ.
ಎರಡು ಮನೆ ನಡುವಿನ ಬೇಲಿಗೆ ಇಬ್ಬರೂ ಒರಗಿ,
ಚೀಟಿಯಿಲ್ಲದ ಡಬ್ಬಿಯೊಂದನ್ನು
ಅವಳು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಳು.
‘ಪೀಚ್ ಹಣ್ಣು.’
‘ಬೀನ್ಸ್,’ ಅಂದ ಅವನು, ‘ಬೇಕಾದರೆ ಪಣ.’

ಬಿಚ್ಚುವ ತನಕ ನಿಲ್ಲಲಾಗಲಿಲ್ಲ;
ಕತ್ತಲಿಗೆ ಮೊದಲು ಲಾರಿ ಬೆಟ್ಟ ಇಳಿಯಬೇಕಿತ್ತು.